ಥರ್ಮನ್ ಅಲಾಸ್ಕಾಕ್ಕೆ ಹೋಗಿಲ್ಲ

ಥರ್ಮನ್ ಗ್ಯಾಸ್ಕಿನ್ಸ್‌ಗೆ ಒಂದು ದುರಭ್ಯಾಸವಿತ್ತು. ತಾನು ಸುಳ್ಳು ಹೇಳುವವನಲ್ಲ ಎಂದು ಬೀದಿಗೆಲ್ಲ ಹೇಳಿಕೊಂಡು ತಿರುಗುವುದು. ಕುಡಿತ ಬಿಟ್ಟಿದ್ದ, ಸಿಗರೇಟು ಬಿಟ್ಟಿದ್ದ, ಇದೊಂದನ್ನು ಬಿಡಲು ಅವನಿಂದ ಆಗಿರಲಿಲ್ಲ. ಕ್ಷೌರದಂಗಡಿಯಲ್ಲಿ ಕೂತರೂ ಅದೇ ಮಾತು, ಚರ್ಚಿನ ಮೆಟ್ಟಿಲ ಮೇಲೆ ನಿಂತರೂ ಅದೇ ಮಾತು. ಪಾಪ, ಅವನು ಹೇಳುತ್ತಿದ್ದುದು ಬಹುಮಟ್ಟಿಗೆ ನಿಜವೇ ಆಗಿತ್ತು.

ವರ್ಜೀನಿಯಾದ ಆ ಕರಾವಳಿ ಊರಿನಲ್ಲಿ ನಾಲ್ವರಲ್ಲಿ ಮೂವರು ನೌಕಾಪಡೆಗೆ ಹಡಗು ಕಟ್ಟಿಕೊಡುವ ಹಡಗುಕಟ್ಟೆಯ ಅನ್ನ ತಿಂದವರು. ಥರ್ಮನ್ ಅಲ್ಲಿ ಹತ್ತೊಂಬತ್ತು ವರ್ಷದಿಂದ ವಿದ್ಯುತ್ ಕೆಲಸ ಮಾಡುತ್ತಿದ್ದ. ಜಲಾಂತರ್ಗಾಮಿಯ ಹೊಟ್ಟೆಯೊಳಗೆ ನುಸುಳಿ ಮೈಲುಗಟ್ಟಲೆ ತಂತಿ ಎಳೆದವನು. ಆದರೆ ಒಂದು ಬಾಗಿಲ ತನಕ ಮಾತ್ರ. ಅದರಾಚೆಯದೆಲ್ಲ ನೌಕಾಪಡೆಯ ಗುಟ್ಟು, ಒಳಗೆ ಹೋಗಲು ಸರ್ಕಾರದ ಭದ್ರತಾ ಅನುಮತಿ ಬೇಕು. ಬಾಗಿಲ ಹತ್ತಿರ ನಿಂತು, ತಾನು ಎಳೆದು ತಂದ ತಂತಿಯ ತುದಿಯನ್ನು ಒಳಗಿನವನ ಕೈಗೆ ಕೊಟ್ಟು ವಾಪಸು ಬರುವುದು, ಹತ್ತೊಂಬತ್ತು ವರ್ಷ ಇದೇ ಆಯಿತು. ಒಳಗಿದ್ದವರಲ್ಲಿ ಅರ್ಧ ಜನರಿಗೆ ಕೆಲಸ ಕಲಿಸಿದವನೇ ಅವನು.

ಆ ವರ್ಷ ವಸಂತಕ್ಕೆ ಮೇಲಿನವರು ಕರೆದು ಹೇಳಿದರು: ಒಳಗಿನ ಪರೀಕ್ಷಾ ವಿಭಾಗಕ್ಕೆ ಮೇಸ್ತ್ರಿ ಬೇಕು, ನೀನೇ ಆಗಬೇಕು, ಅನುಮತಿಗೆ ಅರ್ಜಿ ಹಾಕು. ಜೊತೆಗೇ ಇನ್ನೊಂದು ಮಾತೂ ಹೇಳಿದರು. ಹೊರಗಿನ ಕೆಲಸ ಡಿಸೆಂಬರಿಗೆ ಮುಗಿಯುತ್ತದೆ. ಅನುಮತಿ ಸಿಕ್ಕರೆ ಮೇಸ್ತ್ರಿ, ಸಿಗದಿದ್ದರೆ ಮನೆ.

ಅರ್ಜಿ ಎಂದರೆ ಅದೇನು ಎರಡು ಹಾಳೆಯೇ! ನೂರಮೂವತ್ತು ಪುಟಕ್ಕೂ ಮೇಲೆ. ಎಲ್ಲೆಲ್ಲಿ ಇದ್ದೆ, ಯಾರ ಜೊತೆ ಇದ್ದೆ, ಯಾವ ಸಾಲ ಕಟ್ಟಲಿಲ್ಲ, ಯಾವ ಪೊಲೀಸು ಹಿಡಿದ, ಯಾಕೆ ಹಿಡಿದ. ಥರ್ಮನ್ ಅದನ್ನು ಕ್ಲೀಟಸ್‌ನ ಕ್ಷೌರದಂಗಡಿಗೆ ಹೊತ್ತುಕೊಂಡು ಹೋಗಿ, ತನ್ನ ಸರದಿ ಬರುವ ತನಕ ತೊಡೆಯ ಮೇಲಿಟ್ಟುಕೊಂಡು ತುಂಬಿಸುತ್ತಿದ್ದ. ಕ್ಲೀಟಸ್ ಅವನ ಪಕ್ಕದ ಮನೆಯವನು, ಶಾಲೆಯಿಂದ ಜೊತೆಗಾರ; ಮನೆಯ ಮುಂಭಾಗವೇ ಅವನ ಅಂಗಡಿ. ಕತ್ತರಿ ಕೈಯಲ್ಲಿ ಹಿಡಿದೇ ಬಗ್ಗಿ ಓದಿದ.

"ಲೋ, ತಲೆ ಕೆಟ್ಟಿದ್ಯಾ? ಜೈಲಿಗೆ ಹೋಗಿದ್ದು ಬರೀತಿದೀಯಲ್ಲೋ! ಇಪ್ಪತ್ಮೂರು ವರ್ಷದ ಹಿಂದಿನ ಮಾತು. ನಾವೇ ಮರ್ತಿದೀವಿ, ಅವರಿಗ್ಯಾಕೆ ಜ್ಞಾಪಿಸ್ತೀಯ?"

"ಕೇಳಿದಾರೆ ಕಣೋ. ಕೋರ್ಟು ಅಳಿಸಿ ಹಾಕಿದ್ರೂ ಬರೀಬೇಕು ಅಂತ ಅಚ್ಚಾಗಿದೆ, ನೋಡು ಇಲ್ಲಿ."

"ಅಚ್ಚಾಗಿರೋದೆಲ್ಲ ಮಾಡ್ತೀಯೇನೋ ನೀನು? ಇಲ್ಲಿ ಗಾಡಿ ನಿಲ್ಲಿಸಬೇಡಿ ಅಂತ ನನ್ನ ಅಂಗಡಿ ಮುಂದೆ ಅಚ್ಚಾಗಿದೆ. ನಿನ್ನ ಟ್ರಕ್ಕು ಅದರ ಕೆಳಗೇ ನಿಂತಿದೆ."

ಕಾಯುತ್ತ ಕೂತವರೆಲ್ಲ ನಕ್ಕರು. ಥರ್ಮನ್ ಪೆನ್ನು ಕಿವಿಗೆ ಸಿಕ್ಕಿಸಿ, ಪಾಠ ಹೇಳುವವನ ಹಾಗೆ ಎದ್ದು ನಿಂತ.

"ಕೇಳಿ ಎಲ್ಲರೂ. ಕದ್ದವನಿಗೂ ಅನುಮತಿ ಕೊಟ್ಟಿದಾರೆ, ಸಾಲದಲ್ಲಿ ಮುಳುಗಿದವನಿಗೂ ಕೊಟ್ಟಿದಾರೆ. ಯಾವಾಗ ಆಯ್ತು, ಆಮೇಲೆ ಏನ್ ಮಾಡಿದೆ, ತೀರಿಸಿದ್ಯಾ, ತಿದ್ದಿಕೊಂಡ್ಯಾ, ಅದನ್ನ ನೋಡ್ತಾರೆ. ಮುಚ್ಚಿಟ್ಟವನಿಗೆ ಮಾತ್ರ ಕೊಡಲ್ಲ. ಯಾಕೆ ಹೇಳಿ? ಮುಚ್ಚಿಟ್ಟವನ ಜುಟ್ಟು ಗುಟ್ಟು ಗೊತ್ತಿರೋನ ಕೈಲಿರುತ್ತೆ. ನಾಳೆ ಯಾವನೋ ಬಂದು, ಆ ಹಡಗಿನ ನಕ್ಷೆ ಕೊಡು, ಇಲ್ಲಾಂದ್ರೆ ನಿನ್ನ ಬಂಡವಾಳ ಬಯಲು ಮಾಡ್ತೀನಿ ಅಂದ್ರೆ? ನನ್ನದು ಈಗಲೇ ಬಯಲಾಗಿದೆ. ನನ್ನನ್ನ ಯಾವನೂ ಮುಟ್ಟಕ್ಕಾಗಲ್ಲ!"

"ಸರಿ ಪ್ರಭುವೇ, ಈಗ ಕೂತ್ಕೋ, ಕೂದಲು ಕತ್ತರಿಸ್ತೀನಿ," ಎಂದ ಕ್ಲೀಟಸ್.

ಬರೆದ, ಎಲ್ಲ ಬರೆದ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಗೆಳೆಯರ ಜೊತೆ ಒಂದು ಗೋದಾಮಿನ ಬೀಗ ಒಡೆದು ತಾಮ್ರದ ತಂತಿ ಕದ್ದದ್ದು, ಎಂಟು ತಿಂಗಳು ಒಳಗಿದ್ದದ್ದು. ಆರು ವರ್ಷದ ಹಿಂದೆ ತಾಯಿಯ ಮೂತ್ರಪಿಂಡ ಕೈಕೊಟ್ಟಾಗ ಆಸ್ಪತ್ರೆಯ ಬಿಲ್ಲು ಬೆಟ್ಟವಾದದ್ದು, ಕಂತು ತಪ್ಪಿ ಸಾಲ ಕೊಟ್ಟವರು ಟ್ರಕ್ಕನ್ನು ಎಳೆದುಕೊಂಡು ಹೋದದ್ದು. ತಾಯಿ ತೀರಿಕೊಂಡ ಮೇಲೆ ತಾನೇ ಹೋಗಿ ಮಾತಾಡಿ, ತಿಂಗಳಿಗಿಷ್ಟು ಎಂದು ಕಟ್ಟಿ, ಹೋದ ವರ್ಷ ತೀರಿಸಿದ್ದು. ರಸೀದಿಗಳನ್ನೆಲ್ಲ ದಿನಾಂಕದ ಪ್ರಕಾರ ಜೋಡಿಸಿ ಲಗತ್ತಿಸಿದ. ಅರ್ಜಿ ಕಳಿಸಿದ ದಿನ ಮನೆಗೆ ಬಂದು ಒಂದು ಬಾಣಲೆ ಏಡಿ ಬೇಯಿಸಿಕೊಂಡು ಒಬ್ಬನೇ ತಿಂದ. ಅಷ್ಟು ಖುಷಿ.

ಬೇಸಿಗೆಯಲ್ಲಿ ತನಿಖಾಧಿಕಾರಿ ಬಂದಳು. ಪ್ರೂಯಿಟ್ ಎಂದು ಹೆಸರು. ಸಣ್ಣ ಮೈಕಟ್ಟಿನ, ಮಾತು ಕಡಿಮೆಯ ಹೆಂಗಸು. ಹಡಗುಕಟ್ಟೆಯ ಒಂದು ಖಾಲಿ ಕೋಣೆಯಲ್ಲಿ ಕೂರಿಸಿ ನಾಲ್ಕು ಗಂಟೆ ಕೇಳಿದಳು. ಥರ್ಮನ್ ನಾಲ್ಕು ಗಂಟೆಯೂ ಉತ್ಸಾಹದಿಂದ ಹೇಳಿದ. ಕೊನೆಗೆ ಅವಳು ಪೆನ್ನು ಕೆಳಗಿಟ್ಟಳು.

"ಮಿಸ್ಟರ್ ಗ್ಯಾಸ್ಕಿನ್ಸ್, ಇಲ್ಲಿ ಹೇಳದೇ ಇರೋದು ಇನ್ನೇನಾದ್ರೂ ಇದ್ಯಾ? ಯಾರಾದ್ರೂ ಅದನ್ನ ಹಿಡ್ಕೊಂಡು ನಿಮ್ಮ ಕೈ ತಿರುಚಬಹುದು ಅನ್ನೋ ಅಂಥದ್ದು?"

"ಏನೂ ಇಲ್ಲ ಮ್ಯಾಮ್. ಬೇಕಾದ್ರೆ ಬೀದಿಲಿ ಕೇಳಿ. ಹುಟ್ಟಿದ್ದು ಅಲ್ಲೇ, ಬೆಳೆದಿದ್ದು ಅಲ್ಲೇ."

"ಕೇಳ್ತೀನಿ. ಅದೇ ನನ್ನ ಕೆಲಸ," ಎಂದಳು ಪ್ರೂಯಿಟ್.

ಇಲ್ಲೇ ಆದದ್ದು ಎಡವಟ್ಟು. ಬೀದಿಯವರಿಗೆ ಒಂದು ಮಾತು ಮೊದಲೇ ತಿಳಿಸಿಡಬೇಕೆಂದು ಥರ್ಮನ್‌ಗೆ ಹೊಳೆಯಲೇ ಇಲ್ಲ. ನಿಜ ಹೇಳುವುದನ್ನು ಹೇಳಿಕೊಡಬೇಕೆ ಎಂದುಕೊಂಡ. ಆ ಬೀದಿಯನ್ನು ನಲವತ್ತಾರು ವರ್ಷ ನೋಡಿಯೂ ಹಾಗೆಂದುಕೊಂಡನಲ್ಲ, ಅವನ ಬುದ್ಧಿಗಿಷ್ಟು! ಹೆರಾನ್ ಬೀದಿಯಲ್ಲಿ ಒಂದು ಪದ್ಧತಿಯಿದೆ. ಕೈಯಲ್ಲಿ ಕಡತ ಹಿಡಿದ ಅಪರಿಚಿತರು ಯಾರ ಹೆಸರು ಕೇಳಿದರೂ ಆ ಹೆಸರಿನವರು ಅಲ್ಲಿ ಇಲ್ಲ. ಅಜ್ಜಂದಿರ ಕಾಲದಿಂದ ಇಲ್ಲ. ತಾಯಿಯ ಬಿಲ್ಲುಗಳ ಕಾಲದಲ್ಲಿ ವಸೂಲಿಯವರು ವಾರಕ್ಕೆ ಮೂರು ಸಲ ಬರುತ್ತಿದ್ದಾಗ, ಬೀದಿಯವರೆಲ್ಲ ಕೂತು ಒಮ್ಮತದಿಂದ ಥರ್ಮನ್‌ನನ್ನು ಮೀನು ಹಿಡಿಯಲು ಅಲಾಸ್ಕಾಕ್ಕೆ ಕಳಿಸಿದ್ದರು. ಅವನು ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿಯುತ್ತ ತಾನು ಅಲಾಸ್ಕಾದಲ್ಲಿರುವ ಸುದ್ದಿ ಕೇಳಿಸಿಕೊಳ್ಳುತ್ತಿದ್ದ. ಆಮೇಲೆ ಸಾಲ ತೀರಿತು. ಅವನನ್ನು ಅಲಾಸ್ಕಾದಿಂದ ವಾಪಸು ಕರೆಸಬೇಕೆಂದು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಎರಡು ವಾರ ಬಿಟ್ಟು ಫೋನು ಬಂತು.

"ಮಿಸ್ಟರ್ ಗ್ಯಾಸ್ಕಿನ್ಸ್, ನೀವು ನಿಜವಾಗಿ ಎಲ್ಲಿ ವಾಸ ಮಾಡ್ತೀರಿ?" ಪ್ರೂಯಿಟ್‌ಳ ದನಿಯಲ್ಲಿ ನಗುವಿರಲಿಲ್ಲ.

"ಹೆರಾನ್ ಬೀದೀಲಿ ಮ್ಯಾಮ್. ಬರೆದಿದೀನಲ್ಲ."

"ಆ ಬೀದೀಲಿ ಐದು ಮನೆ ಕೇಳಿದೆ. ಮೂರು ಮನೆಯವರು ಆ ಹೆಸರೇ ಕೇಳಿಲ್ಲ ಅಂದ್ರು. ಕ್ಷೌರದಂಗಡಿಯವರು ನೀವು ಅಲಾಸ್ಕಾಗೆ ಹೋಗಿ ಆರು ವರ್ಷ ಆಯ್ತು ಅಂದ್ರು. ಎದುರು ಮನೆಯ ವಯಸ್ಸಾದವರು ನೀವು ತೀರಿಕೊಂಡ್ರಿ ಅಂದ್ರು."

"ಏನಂದ್ರು?"

"ಮಣ್ಣು ಚೆನ್ನಾಗಿ ಆಯ್ತಂತೆ. ಹಾಡು ಹೇಳಿದವರು ಬಹಳ ಚೆನ್ನಾಗಿ ಹೇಳಿದ್ರಂತೆ."

ಥರ್ಮನ್‌ಗೆ ನಗು ಬಂತು. ಪ್ರೂಯಿಟ್ ಹೇಳಿದಳು: ಅರ್ಜಿ ಕೇಳುವ ಕಳೆದ ಹತ್ತು ವರ್ಷವೂ ಇದೇ ವಿಳಾಸದಲ್ಲಿದ್ದೆ ಎಂದು ನೀವು ಬರೆದುಕೊಟ್ಟಿದ್ದೀರಿ. ಒಬ್ಬರೂ ಹೌದೆನ್ನುತ್ತಿಲ್ಲ. ಇದು ಹೀಗೇ ಹೋದರೆ ನಿಮ್ಮ ಅರ್ಜಿ ಇಲ್ಲಿಗೆ ನಿಂತ ಹಾಗೆ. ಗುರುವಾರ ಬೆಳಗ್ಗೆ ಹತ್ತಕ್ಕೆ ಇನ್ನೊಂದು ಸಲ ಬರುತ್ತೇನೆ, ಅದೇ ಕೊನೆ.

ಅವತ್ತು ಕೆಲಸ ಮುಗಿಸಿ ಬಂದವನೇ ಟೋಪಿಯನ್ನೂ ತೆಗೆಯದೆ ಬೀದಿ ಹತ್ತಿದ. ಮೊದಲು ಕ್ಲೀಟಸ್.

"ನಿನ್ನ ಮಾನ ಉಳಿಸಿದ್ದಕ್ಕೆ ಬೈತೀಯಲ್ಲೋ!" ಎಂದು ಕ್ಲೀಟಸ್ ಉರಿದುಬಿದ್ದ. "ಕಡತ ಹಿಡ್ಕೊಂಡು ಬಂದ್ಲು. ಕೋಟು ಹಾಕಿದ್ಲು. ನಾನೇನಂತ ತಿಳ್ಕೊಳ್ಳಲಿ?"

"ಅರ್ಜಿ ತುಂಬಿದ್ದು ನಿನ್ನ ಅಂಗಡೀಲೇ ಅಲ್ವೇನೋ, ಕತ್ತೆ?"

"ಅರ್ಜಿಗೂ ಅವಳಿಗೂ ಸಂಬಂಧ ಇದೆ ಅಂತ ಅವಳ ಹಣೆ ಮೇಲೆ ಬರೆದಿತ್ತಾ? ಕಾರ್ಡು ತೋರಿಸಿದ್ಲು, ನಿಜ. ವಸೂಲಿಯವರು ತೋರಿಸ್ತಿರಲಿಲ್ವಾ?"

"ಗುರುವಾರ ಬರ್ತಾಳೆ. ನಿಜ ಹೇಳು. ಜೈಲಿಗೆ ಹೋಗಿದ್ದ ಅನ್ನು. ಸಾಲ ಮಾಡಿದ್ದ ಅನ್ನು. ಟ್ರಕ್ಕು ಎಳ್ಕೊಂಡು ಹೋದಾಗ ರಸ್ತೆಲಿ ಕೂತು ಅತ್ತಿದ್ದ ಅಂತ ಬೇಕಾದ್ರೂ ಹೇಳು!"

"ಅದನ್ನ ಖಂಡಿತ ಹೇಳ್ತೀನಿ," ಎಂದ ಕ್ಲೀಟಸ್, ಸ್ವಲ್ಪ ಸಮಾಧಾನವಾಗಿ.

ಮನೆಮನೆಗೆ ಹೋಗಿ ತನ್ನ ಬಗ್ಗೆ ಕೆಟ್ಟದ್ದು ಹೇಳಿ ಎಂದು ಅಂಗಲಾಚಿದವನು ಆ ಬೀದಿಯ ಚರಿತ್ರೆಯಲ್ಲಿ ಅವನೊಬ್ಬನೇ. ಮೂರು ಮನೆಯವರು ಗೊಣಗಿಕೊಂಡು ಒಪ್ಪಿದರು. ಕೊನೆಗೆ ಎದುರು ಮನೆ, ತನ್ನನ್ನು ಮಣ್ಣು ಮಾಡಿದ ಮಿಸ್ ಅರ್ಲೀನ್‌ದು.

ಮಿಸ್ ಅರ್ಲೀನ್‌ಗೆ ಎಂಬತ್ತೊಂದು; ಮದುವೆಯಾಗಿದ್ದರೂ ಹಿರಿಯ ಹೆಂಗಸರನ್ನು ಮಿಸ್ ಎನ್ನುವುದು ಅಲ್ಲಿಯ ವಾಡಿಕೆ. ಗಂಡ ರಾಸ್ಕೋ ಹೋಗಿ ಇಪ್ಪತ್ತನಾಲ್ಕು ವರ್ಷ. ಜಗುಲಿಯ ಮೇಲೆ ಕರೆಂಟಿನ ಬೀಸಣಿಗೆ ಹಾಕಿಕೊಂಡು ಅವರೆ ಸುಲಿಯುತ್ತಿದ್ದಳು. ಆ ಬೀಸಣಿಗೆ ಕೂರಿಸಿದವನು ಥರ್ಮನ್. ಜಗುಲಿಯ ಹಲಗೆ ಬದಲಿಸಿದವನು, ಮಾಡಿನ ಸೋರಿಕೆ ನಿಲ್ಲಿಸಿದವನು, ಮನೆಯ ತಂತಿಯೆಲ್ಲ ಹೊಸದಾಗಿ ಎಳೆದವನು ಎಲ್ಲ ಅವನೇ. ಜೈಲಿನಿಂದ ಬಂದ ವರ್ಷದಿಂದ ಒಂದು ಡಾಲರೂ ಮುಟ್ಟದೆ ಮಾಡಿಕೊಂಡು ಬಂದಿದ್ದ.

"ಸತ್ತವನು ಬಂದ್ಯಾ? ಕೂತ್ಕೋ ಮಗಾ," ಎಂದಳು ಮುದುಕಿ.

ಅವನು ಮೆಟ್ಟಿಲ ಮೇಲೆ ಕೂತು ಎಲ್ಲ ವಿವರಿಸಿದ. ಅವಳು ಸುಲಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಅಂದ್ರೆ ನಿಜ ಹೇಳ್ಬೇಕು."

"ಹೌದು ಮಿಸ್ ಅರ್ಲೀನ್. ಪೂರ್ತಿ ನಿಜ. ನಾನೇನೂ ಮುಚ್ಚಿಟ್ಟಿಲ್ಲ. ನೀವೂ ಮುಚ್ಚಿಡಬೇಡಿ."

"ಪೂರ್ತಿ?"

"ಪೂರ್ತಿ!"

"ರಾಸ್ಕೋನ ದೋಣಿ ಮೋಟರಿಂದೂ?"

ಬೀಸಣಿಗೆ ತಿರುಗುತ್ತಿತ್ತು. ಥರ್ಮನ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ರಾಸ್ಕೋ ಸತ್ತ ವರ್ಷವೇ ಆದದ್ದು ಅದು. ಥರ್ಮನ್‌ಗೆ ಇಪ್ಪತ್ತೆರಡು. ಹಿತ್ತಲ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದುಕೊಂಡು ನಿಂತಿದ್ದ ಮೋಟರನ್ನು ಒಂದು ಬೆಳಗಿನ ಜಾವ ಹೆಗಲ ಮೇಲೆ ಹೊತ್ತು ಒಯ್ದು ಮಾರಿದ್ದ. ಯಾರೋ ಹೊರಗಿನವರು ಕದ್ದರು ಎಂದು ಬೀದಿಯೆಲ್ಲ ಮಾತಾಡಿತು. ಅವನೂ ಹೌದು ಹೌದು ಎಂದ. ಕೇಸಾಗಲಿಲ್ಲ, ಯಾರೂ ಹಿಡಿಯಲಿಲ್ಲ, ಯಾವ ಕಾಗದದಲ್ಲೂ ಅದಿಲ್ಲ. ನೂರಮೂವತ್ತು ಪುಟ ತುಂಬಿಸುವಾಗ ಅದು ನೆನಪಿಗೆ ಬರಲಿಲ್ಲವೇ ಎಂದರೆ, ಬಂದಿತ್ತು. ಪುಟ ತಿರುಗಿಸಿದ್ದ.

"ನಿಮಗೆ... ಯಾವಾಗ ಗೊತ್ತಾಯ್ತು?"

"ಅವತ್ತೇ. ಅಡುಗೆಮನೆ ಕಿಟಕೀಲಿ ನಿಂತಿದ್ದೆ. ಎಡಗಾಲು ಎಳ್ಕೊಂಡು ಹೊತ್ಕೊಂಡು ಹೋಗ್ತಿದ್ದೆ, ಭಾರ ಜಾಸ್ತಿ ಆಗಿತ್ತು ನಿನಗೆ."

"ಪೊಲೀಸ್ರಿಗೆ ಯಾಕೆ ಹೇಳಲಿಲ್ಲ?"

"ಪೊಲೀಸ್ರು ಈ ಬೀದಿಗೆ ಹೆಂಗ್ ಬರ್ತಾರೆ ಅಂತ ನನಗೆ ಗೊತ್ತಿಲ್ವ? ಮೋಟರು ಸಿಗ್ತಿರಲಿಲ್ಲ. ನೀನು ಒಳಗೆ ಹೋಗ್ತಿದ್ದೆ. ನಿಮ್ಮಮ್ಮನ ಮುಖ ನಾನು ಹೆಂಗ್ ನೋಡಲಿ?" ಅವರೆ ಸಿಪ್ಪೆಯನ್ನು ಬುಟ್ಟಿಗೆ ಹಾಕಿದಳು. "ಈಗ ಹೇಳು. ಗುರುವಾರ ಅವಳು ಕೇಳಿದ್ರೆ ನಾನೇನನ್ನಲಿ? ನೀನು ಬೇಡ ಅಂದ್ರೆ ಹೇಳಲ್ಲ. ಇಷ್ಟು ವರ್ಷ ಹೇಳಿಲ್ಲ, ಇನ್ನೂ ಎಷ್ಟು ದಿನ ಇರ್ತೀನಿ ನಾನು."

ಆ ಕ್ಷಣ ಥರ್ಮನ್‌ಗೆ ಕ್ಷೌರದಂಗಡಿಯಲ್ಲಿ ತಾನು ಮಾಡಿದ ಭಾಷಣವೆಲ್ಲ ಕಿವಿಯಲ್ಲಿ ಗುಂಯ್‌ಗುಟ್ಟಿತು. ಹೇಳಬೇಡಿ ಎಂದರೆ ಮುಗಿಯಿತು. ಮುದುಕಿ ಬಾಯಿ ಬಿಡುವುದಿಲ್ಲ, ಕೆಲಸ ಸಿಗುತ್ತದೆ. ಹೇಳಿದರೆ, ಏನೂ ಇಲ್ಲ ಮ್ಯಾಮ್ ಎಂದು ಅಧಿಕಾರಿಯ ಮುಖಕ್ಕೆ ಹೇಳಿದ್ದು ಸುಳ್ಳಾಗುತ್ತದೆ, ಆ ಸುಳ್ಳೊಂದೇ ಸಾಕು ಅವನನ್ನು ಮುಳುಗಿಸಲು. ಇಪ್ಪತ್ತಮೂರು ವರ್ಷ ಈ ಮನೆಯ ಮಾಡು ಹತ್ತಿ ಇಳಿದದ್ದು ಯಾಕೆಂದು ತನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು ಎನ್ನುವುದು ಈಗ ಗೊತ್ತಾಯಿತು.

"ನಾಡಿದ್ದು ಹೇಳ್ತೀನಿ ಮಿಸ್ ಅರ್ಲೀನ್," ಎಂದು ಎದ್ದ.

"ನಿಂಗೆ ಹಸಿವಾಗಿಲ್ವ?" ಎಂದಳು ಅವಳು. ಅವನಿಗೆ ಹಸಿವಾಗಿರಲಿಲ್ಲ.

ಗುರುವಾರ ಬೆಳಗ್ಗೆ ಅವನು ರಜೆ ಹಾಕಿದ. ಒಗೆದ ಅಂಗಿ ತೊಟ್ಟು ಒಂಬತ್ತೂವರೆಗೇ ರಸ್ತೆಯ ಅಂಚಿನಲ್ಲಿ ನಿಂತ. ವಿಚಿತ್ರವೆಂದರೆ, ಎರಡು ದಿನ ಹೊರಳಾಡಿದವನಿಗೆ ಆ ಬೆಳಗ್ಗೆ ಎದೆ ಹಗುರವಾಗಿತ್ತು. ಕೆಲಸ ಹೋದರೆ ಹೋಗಲಿ, ತಂತಿ ಎಳೆಯಲು ಬರುವ ಕೈ ಎಲ್ಲಿಯಾದರೂ ಅನ್ನ ಹುಟ್ಟಿಸುತ್ತದೆ. ಇನ್ನೊಬ್ಬರ ಕೈಗೆ ತನ್ನ ಜುಟ್ಟು ಕೊಟ್ಟು ಆ ಬಾಗಿಲು ದಾಟುವುದು ಮಾತ್ರ ತನ್ನಿಂದಾಗದು. ಪ್ರೂಯಿಟ್ ಕಾರಿನಿಂದ ಇಳಿಯುವ ಮೊದಲೇ ಕಿಟಕಿಯ ಹತ್ತಿರ ಬಗ್ಗಿದ.

"ಮ್ಯಾಮ್, ಅವತ್ತು ನೀವು ಕೇಳಿದಾಗ ಏನೂ ಇಲ್ಲ ಅಂದೆ. ಒಂದಿದೆ. ಸುಳ್ಳು ಹೇಳಿದ್ದೆ."

ಅಲ್ಲೇ, ಕಾರಿನ ಬಾನೆಟ್ಟಿನ ಮೇಲೆ ಪುಸ್ತಕ ಇಟ್ಟುಕೊಂಡು ಅವಳು ಬರೆದುಕೊಂಡಳು. ಯಾವ ವರ್ಷ, ಏನು, ಎಷ್ಟಕ್ಕೆ ಮಾರಿದೆ, ಯಾಕೆ ಹೇಳಲಿಲ್ಲ.

"ಯಾಕೆ ಹೇಳಲಿಲ್ಲ?" ಎಂದು ಎರಡನೇ ಸಲ ಕೇಳಿದಳು.

"ಜೈಲಿಂದು ಸರ್ಕಾರಕ್ಕೆ ಗೊತ್ತಿತ್ತು. ಸಾಲದ್ದು ಸರ್ಕಾರಕ್ಕೆ ಗೊತ್ತಿತ್ತು. ಅದನ್ನೆಲ್ಲ ಹೇಳೋದು ಸುಲಭ ಮ್ಯಾಮ್. ಇದು ಅವರಿಗೆ ಮಾಡಿದ್ದು," ಎಂದು ಎದುರು ಮನೆಯ ಕಡೆ ತಲೆಯಾಡಿಸಿದ. "ನಾಚಿಕೆ ಆಯ್ತು."

ಪ್ರೂಯಿಟ್ ಬರೆದುಕೊಂಡಳು.

ಮೊದಲು ಉಳಿದ ಮನೆಗಳಿಗೆ ಹೋದಳು. ಒಂದು ಗಂಟೆ ಹಿಡಿಯಿತು. ಕ್ಷೌರದಂಗಡಿಯಿಂದ ಹೊರಬರುವಾಗ ಅವಳ ತುಟಿಯ ಅಂಚು ಸ್ವಲ್ಪ ಸಡಿಲವಾಗಿತ್ತು. ಕ್ಲೀಟಸ್ ಟ್ರಕ್ಕಿನ ಕಥೆಯನ್ನು ಅಭಿನಯಿಸಿಯೇ ತೋರಿಸಿರಬೇಕು. ಕೊನೆಗೆ ಮಿಸ್ ಅರ್ಲೀನ್‌ಳ ಜಗುಲಿ ಹತ್ತಿದಳು, ಥರ್ಮನ್ ಹಿಂದೆಯೇ ಬಂದು ಮೆಟ್ಟಿಲ ಮೇಲೆ ಕೂತ. ನಿಮ್ಮೊಬ್ಬರ ಹತ್ತಿರವೇ ಮಾತಾಡಬೇಕು ಎಂದಳು. ಮಿಸ್ ಅರ್ಲೀನ್ ಬೀಸಣಿಗೆಯ ಗುಂಡಿ ಒತ್ತಿ ನಿಲ್ಲಿಸಿದಳು.

"ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತಿರ್ತಾನೆ. ಇಲ್ಲಾಂದ್ರೆ ಅವನು ಸತ್ತಿದಾನೆ, ಮಣ್ಣಿಗೆ ನಾನೇ ಹೋಗಿದ್ದೆ."

ಪ್ರೂಯಿಟ್ ಉಸಿರು ಬಿಟ್ಟು ಕುರ್ಚಿ ಎಳೆದುಕೊಂಡಳು. ಎಷ್ಟು ವರ್ಷದಿಂದ ಗೊತ್ತು ಎಂದು ಕೇಳಿದಳು. ಹುಟ್ಟಿದಾಗಿಂದ. ಕುಡಿಯುತ್ತಾನೆಯೇ? ಕುಡಿಯುತ್ತಿದ್ದ, ಬಿಟ್ಟ. ಸಾಲ? ಇತ್ತು, ತೀರಿಸಿದ. ನಂಬಿಕಸ್ಥನೇ?

"ನನ್ನ ಮನೆ ಬೀಗದ ಕೈ ಅವನ ಹತ್ರ ಇದೆ."

"ನಿಮ್ಮ ಹಿತ್ತಲಿನಿಂದ ಒಂದು ದೋಣಿ ಮೋಟರು ಹೋಗಿತ್ತಂತೆ, ಮ್ಯಾಮ್. ಬೆಳಗ್ಗೆ ಮಿಸ್ಟರ್ ಗ್ಯಾಸ್ಕಿನ್ಸ್ ಅವರೇ ನನಗೆ ಹೇಳಿದ್ರು. ಕದ್ದೆ ಅಂದ್ರು."

ಮುದುಕಿ ಮೆಟ್ಟಿಲ ಕಡೆ ತಿರುಗಿ ಅವನನ್ನೇ ನೋಡಿದಳು. ಥರ್ಮನ್ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

"ಅವನೇ ಹೇಳಿದ್ನಾ?"

"ಹೌದು ಮ್ಯಾಮ್. ನಾನು ಕಾರಿಂದ ಇಳಿಯೋ ಮೊದಲೇ."

"ಹಾಗಾದ್ರೆ ಬರ್ಕೋ. ಅವನು ಕದ್ದಿಲ್ಲ. ಆ ಮೋಟರು ನಾನು ಅವನಿಗೆ ಕೊಟ್ಟಿದ್ದು."

"ಮಿಸ್ ಅರ್ಲೀನ್, ಬೇಡ," ಎಂದ ಥರ್ಮನ್. "ಸುಳ್ಳು ಬೇಡ."

"ನೀನು ಬಾಯಿ ಮುಚ್ಚು. ನಿನ್ನನ್ನ ಕೇಳ್ತಿಲ್ಲ."

ಪ್ರೂಯಿಟ್ ಪೆನ್ನು ಎತ್ತಿ ಹಿಡಿದು ಕೇಳಿದಳು, "ಯಾವಾಗ ಕೊಟ್ಟಿರಿ ಮ್ಯಾಮ್?"

"ಈಗ." ಮಿಸ್ ಅರ್ಲೀನ್ ಗೋಡೆ ಗಡಿಯಾರದ ಕಡೆ ಕತ್ತು ಚಾಚಿದಳು. "ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ಇಪ್ಪತ್ನಾಲ್ಕು ವರ್ಷ ಅದು ನನ್ನದಾಗಿತ್ತು, ಈಗ ಅವನಿಗೆ ಕೊಟ್ಟೆ. ಬರ್ಕೋ."

ನಲವತ್ತಾರು ವರ್ಷದ ಆ ಗಂಡಸು, ಟ್ರಕ್ಕು ಹೋದಾಗ ಅತ್ತದ್ದು ಏನೂ ಅಲ್ಲ ಎನ್ನುವಂತೆ ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

"ಕದ್ದಿದ್ದನ್ನೂ ಬರೀಬೇಕಾಗುತ್ತೆ ಮ್ಯಾಮ್," ಎಂದಳು ಪ್ರೂಯಿಟ್ ಮೆಲ್ಲಗೆ. "ತೀರ್ಮಾನ ಮಾಡೋದು ನಾನಲ್ಲ. ನಾನು ಕೇಳಿದ್ದನ್ನ ಬರ್ಕೊಂಡು ಹೋಗೋಳು."

"ಎರಡನ್ನೂ ಬರಿ. ಒಂದಾದ ಮೇಲೆ ಒಂದು ಬರಿ."

ಅವಳು ಎರಡನ್ನೂ ಬರೆದಳು.

ಆಮೇಲಿನದು ಕಾಯುವ ಕೆಲಸ. ಒಂದು ಸಲ ವಿವರಣೆ ಕೇಳಿ ಕಾಗದ ಬಂತು, ಥರ್ಮನ್ ಎರಡು ಪುಟ ಉತ್ತರ ಬರೆದ. ಸುಳ್ಳು ಹೇಳಿದ್ದಕ್ಕೆ ಅನ್ನಿಸಿಕೊಳ್ಳಬೇಕಾದ್ದನ್ನೆಲ್ಲ ಮೇಲಿನವರಿಂದ ಅನ್ನಿಸಿಕೊಂಡ. ಕ್ಷೌರದಂಗಡಿಯಲ್ಲಿ ಭಾಷಣ ಮಾಡುವುದನ್ನು ಬಿಟ್ಟ. ನವೆಂಬರಿನ ಎರಡನೇ ವಾರ, ಹೊರಗಿನ ಕೆಲಸ ಮುಗಿಯಲು ಮೂರು ವಾರವಿದ್ದಾಗ, ಒಂದೇ ಹಾಳೆಯ ಪತ್ರ ಬಂತು. ಅವನು ಅದನ್ನು ಟಪಾಲು ಡಬ್ಬಿಯ ಹತ್ತಿರವೇ ನಿಂತು ಓದಿ, ಮಡಿಸಿ, ರಸ್ತೆ ದಾಟಿದ.

ಮಿಸ್ ಅರ್ಲೀನ್ ಕಂಬಳಿ ಹೊದ್ದು ಜಗುಲಿಯಲ್ಲಿ ಕೂತಿದ್ದಳು. ಕನ್ನಡಕ ಒಳಗಿತ್ತು.

"ಓದು," ಎಂದಳು.

ಅವನು ಮೆಲುದನಿಯಲ್ಲಿ ಓದಲು ಶುರು ಮಾಡಿದ. ಅವಳು ಕೈಯೆತ್ತಿ ತಡೆದಳು.

"ಹಿಂಗಲ್ಲ. ಈ ಬೀದೀಲಿ ನಿನ್ನ ಹೆಸರಿಗೆ ಬಂದ ಕಾಗದನೆಲ್ಲ ನಾವು ಪಿಸುಗುಟ್ಟೇ ಓದಿದ್ದು. ಕೋರ್ಟಿಂದ ಬಂದಿದ್ದು, ಆಸ್ಪತ್ರೆಯಿಂದ ಬಂದಿದ್ದು. ಎದ್ದು ನಿಂತ್ಕೊಂಡು ಓದು. ಕ್ಲೀಟಸ್‌ಗೆ ಕೇಳಿಸ್ಬೇಕು."

ಥರ್ಮನ್ ಎದ್ದು ಜಗುಲಿಯ ಅಂಚಿಗೆ ಬಂದ. ಕಾಗದವನ್ನು ದೂರ ಹಿಡಿದು ಗಂಟಲು ಸರಿಮಾಡಿಕೊಂಡ.

"ಥರ್ಮನ್ ಎಲೈಜಾ ಗ್ಯಾಸ್ಕಿನ್ಸ್," ಎಂದು ಕೂಗಿದ, "ಹೆರಾನ್ ಬೀದಿ!"

ಒಂದೊಂದಾಗಿ ಬಾಗಿಲುಗಳು ತೆರೆದವು. ಕ್ಲೀಟಸ್ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ. ಎಲ್ಲರೂ ನಿಂತು ಕೇಳುವ ತನಕ ಕಾದು, ಥರ್ಮನ್ ಉಳಿದದ್ದನ್ನು ಓದಿದ: ಅನುಮತಿ ಕೊಟ್ಟಿದೆ.